ಲೋಫರ್ ಎಂಬ ಬಿರುದು

ಎರಡು ವರ್ಷದ ಹಿಂದೆ, ಮುಂಗಾರು ಹಿಡಿಯುವ ಮೊದಲು, ಬೆಂಗಳೂರಿನಿಂದ ರಜೆಗೆ ಬಂದಿದ್ದ ಮೊಮ್ಮಗ ರಾತ್ರಿ ಊಟಕ್ಕೆ ಕೂತಾಗ “ತಾತ, ನನಗೆ ಒಂದು ಜೊತೆ ಲೋಫರ್ ಕೊಡಿಸ್ತೀಯಾ?” ಎಂದು ಕೇಳಿದ. ಕೈಯಲ್ಲಿದ್ದ ಅಕ್ಕಿರೊಟ್ಟಿ ಕೈಯಲ್ಲೇ ಉಳಿಯಿತು. ನಮ್ಮ ಆನೇಮಹಲಿನಲ್ಲಿ ಲೋಫರುಗಳನ್ನು ದುಡ್ಡು ಕೊಟ್ಟು ತರುವ ಪ್ರಸಂಗ ಎಂದೂ ಬಂದದ್ದಿಲ್ಲ. ಹೆದ್ದಾರಿ ಪಕ್ಕದ ಹೋಟೆಲಿನ ಬೆಂಚಿನ ಮೇಲೆ ಪುಕ್ಕಟೆ ಸಿಕ್ಕುತ್ತಿದ್ದರು. ಜೊತೆ ಬೇಕೆಂದರೆ ಇನ್ನೂ ಸುಲಭ, ಅವರು ಒಬ್ಬೊಬ್ಬರೇ ಕೂರುತ್ತಿದ್ದುದು ಕಡಿಮೆ. ನನ್ನ ಮುಖ ನೋಡಿ ಸೊಸೆ ನಗುತ್ತಾ ಫೋನಿನಲ್ಲಿ ಚಿತ್ರ ತೋರಿಸಿದಳು. ಲೇಸು ಇಲ್ಲದ, ಕಾಲು ತೂರಿಸಿದರೆ ಸಾಕು ಎನ್ನುವಂಥ ಚರ್ಮದ ಷೂ. ಬಗ್ಗಿ ದಾರ ಕಟ್ಟುವ ಶ್ರಮವೂ ಬೇಡ ಎನ್ನುವವರ ಮೆಟ್ಟಾದ್ದರಿಂದ ಹೆಸರು ಸರಿಯಾಗಿಯೇ ಇದೆ ಎಂದುಕೊಂಡೆ. 1936ರಲ್ಲಿ ಅಮೆರಿಕದ ಬಾಸ್ ಎಂಬ ಕಂಪನಿ ನಾರ್ವೆಯ ಹಳ್ಳಿಗರ ಷೂ ನೋಡಿ ಇಂಥದ್ದೊಂದನ್ನು ಮಾಡಿ ಮಾರಿತು. ಅಲ್ಲಿಂದ ಇದು ಕಾಲೇಜು ಹುಡುಗರ ಕಾಲಿಗೆ, ಆಮೇಲೆ ಆಫೀಸು ಸಾಹೇಬರ ಕಾಲಿಗೆ ಏರಿತು. ಈಗ ನನ್ನ ಮೊಮ್ಮಗನ ಕಾಲಿಗೂ ಬರಬೇಕಿತ್ತು.

ಷೂ ಕೊಡಿಸುವುದು ದೊಡ್ಡ ಮಾತಲ್ಲ. ಆದರೆ ಆ ಶಬ್ದ ನನ್ನ ನಿದ್ದೆ ಕೆಡಿಸಿತು. ನನಗೂ ಆ ಶಬ್ದಕ್ಕೂ ಐವತ್ತು ವರ್ಷದ ಹಳೆಯ ಲೆಕ್ಕ ಒಂದಿದೆ. ಅದನ್ನು ಹೇಳುವ ಮೊದಲು ಶಬ್ದದ ಜಾತಕವನ್ನೇ ಸ್ವಲ್ಪ ನೋಡಬೇಕು.

ನಮ್ಮಲ್ಲಿ ಕೆಲಸ ಮಾಡದವನನ್ನು ಬೈಯಲು ಪದಗಳಿಗೇನೂ ಬರ ಇರಲಿಲ್ಲ. ಸೋಮಾರಿ ಇದೆ, ಆಲಸಿ ಇದೆ. ಉಂಡಾಡಿ ಎಂದರೆ ಉಂಡು ಅಡ್ಡಾಡುವವನು, ಅದರಲ್ಲಿ ಬೈಗುಳದ ಜೊತೆ ಒಂದಿಷ್ಟು ಅಸೂಯೆಯೂ ಬೆರೆತಿದೆ. ಬೇವರ್ಸಿ ಎಂದು ನಾವು ಬೈಯುವುದು ಮೂಲದಲ್ಲಿ ಬೈಗುಳವೇ ಅಲ್ಲ. ವಾರಸುದಾರರಿಲ್ಲದ್ದು ಎಂಬ ಕಚೇರಿಯ ಮಾತು ಅದು. ಹೇಳುವವರು ಕೇಳುವವರು ಇಲ್ಲದ ಮನುಷ್ಯ ಎಂಬುದೇ ಕಾಲಕ್ರಮದಲ್ಲಿ ಅವನ ತಪ್ಪಾಯಿತು. ಎಲ್ಲಕ್ಕಿಂತ ವಿಚಿತ್ರವಾದದ್ದು ಮೈಗಳ್ಳ. ತನ್ನ ಮೈಯನ್ನು ತಾನೇ ಕದ್ದವನು! ತನ್ನ ವಸ್ತುವನ್ನು ತಾನು ಇಟ್ಟುಕೊಂಡರೆ ಅದು ಕಳ್ಳತನ ಹೇಗಾಗುತ್ತದೆ? ಆ ಮೈ ಇನ್ನೊಬ್ಬರ ಸೊತ್ತಾಗಿದ್ದರೆ ಮಾತ್ರ ಆಗುತ್ತದೆ. ಬಿಟ್ಟಿ ಎಂಬ ಮಾತನ್ನು ಈಗ ನಾವು ಪುಕ್ಕಟೆ ತಿನ್ನುವವನಿಗೆ ಅಂಟಿಸುತ್ತೇವೆ. ಹಳೆಯ ಕಾಲದಲ್ಲಿ ಅದು ಊರಿನವರಿಂದ ಕೂಲಿ ಕೊಡದೆ ಬಲವಂತವಾಗಿ ಮಾಡಿಸಿಕೊಳ್ಳುತ್ತಿದ್ದ ದುಡಿಮೆಯ ಹೆಸರು, ಸಂಸ್ಕೃತದ ವಿಷ್ಟಿಯಿಂದ ಬಂದದ್ದು. ಪುಕ್ಕಟೆ ತಿಂದವರು ಮಾಡಿಸಿಕೊಂಡವರು, ಹೆಸರು ಮಾತ್ರ ಮಾಡಿದವರ ಕಡೆ ಜಾರಿಕೊಂಡಿತು. ಊರೂರಿನ ಸೋಮಾರಿ ಕಟ್ಟೆಗಳ ವಿಷಯ ಬೇರೆ. ಅಲ್ಲಿ ಕೂರುವವರನ್ನು ಯಾರೂ ಅಷ್ಟಾಗಿ ಬೈಯುವುದಿಲ್ಲ, ಯಾಕೆಂದರೆ ಬೈಯಬೇಕಾದವರೂ ಸಾಯಂಕಾಲ ಅಲ್ಲೇ ಬಂದು ಕೂರುತ್ತಾರೆ.

ಇಷ್ಟೆಲ್ಲ ಇದ್ದರೂ ನಮಗೆ ಲೋಫರ್ ಬೇಕಾಯಿತು. ಇಂಗ್ಲಿಷಿನಲ್ಲಿ ಅದಕ್ಕಿರುವ ಅರ್ಥ ಅಷ್ಟೇನೂ ಭಾರವಾದುದಲ್ಲ. ಕೆಲಸವಿಲ್ಲದೆ ಕಾಲ ಕಳೆಯುವವನು, ಅಲ್ಲಿ ಇಲ್ಲಿ ನಿಂತು ಹೊತ್ತು ಹಾಕುವವನು, ಅಷ್ಟೆ. ಕನ್ನಡಕ್ಕೆ ಬಂದ ಮೇಲೆ ಅದು ಪೋಲಿಯೂ ಆಯಿತು, ಕುಡುಕನೂ ಆಯಿತು, ಬಸ್ ಸ್ಟ್ಯಾಂಡಿನಲ್ಲಿ ಹುಡುಗಿಯರನ್ನು ಚುಡಾಯಿಸುವವನೂ ಆಯಿತು. ಹಿಂದಿಯಲ್ಲೂ ಹೀಗೇ. 1973ರಲ್ಲಿ ಧರ್ಮೇಂದ್ರ, ಮುಮ್ತಾಜ್ ಅಭಿನಯದ ‘ಲೋಫರ್’ ಸಿನಿಮಾ ಬಂದಾಗ ನಾನು ಹಾಸನದ ಕಾಲೇಜಿನಲ್ಲಿದ್ದೆ. ಅದರ ನಾಯಕ ಕಳ್ಳ, ಸೋಮಾರಿಯಂತೂ ಖಂಡಿತ ಅಲ್ಲ. ಇಂಗ್ಲಿಷಿನವನು ಸಾಯಂಕಾಲದ ತನ್ನ ಸ್ಥಿತಿಯನ್ನು ಹೇಳಿಕೊಳ್ಳಲು ಬಳಸಬಹುದಾದ ಪದದಿಂದ ನಮ್ಮಲ್ಲಿ ಜಗಳ ಹತ್ತಿ ತಲೆ ಒಡೆಯುತ್ತವೆ.

ಇದು ಹುಟ್ಟಿದ್ದು ಇಂಗ್ಲೆಂಡಿನಲ್ಲೂ ಅಲ್ಲ. 1830ರ ದಶಕದ ಅಮೆರಿಕದ ಪತ್ರಿಕೆ ಪುಸ್ತಕಗಳಲ್ಲಿ ಇದು ಮೊದಲು ಕಾಣಿಸಿಕೊಳ್ಳುತ್ತದೆ. ಜರ್ಮನ್ ಭಾಷೆಯಲ್ಲಿ ಊರೂರು ಅಲೆಯುವವನಿಗೆ ಲಾಂಡ್‌ಲಾಯ್ಫರ್ ಎನ್ನುತ್ತಾರೆ, ಅದರಿಂದ ಬಂದಿರಬೇಕೆಂಬುದು ನಿಘಂಟುಕಾರರ ಊಹೆ. ವಾಲ್ಟ್ ವಿಟ್ಮನ್ ಎಂಬ ಕವಿ 1855ರಲ್ಲಿ ‘ಲೀವ್ಸ್ ಆಫ್ ಗ್ರಾಸ್’ ಪ್ರಕಟಿಸಿದಾಗ ತಾನು ಹುಲ್ಲಿನ ಮೇಲೆ ಬಿದ್ದುಕೊಂಡು ಸುಮ್ಮನಿರುವುದನ್ನು ಇದೇ ಶಬ್ದದ ಕ್ರಿಯಾಪದದಲ್ಲಿ ಹೆಮ್ಮೆಯಿಂದ ಹೇಳಿಕೊಂಡ. ಅಮೆರಿಕದಲ್ಲಿ ಹೀಗೆ ಅದಕ್ಕೊಂದು ಮರ್ಯಾದೆ ಸಿಗುತ್ತಿದ್ದ ಹೊತ್ತಿಗೇ ಹಿಂದೂಸ್ತಾನದಲ್ಲಿ ಅದರ ಕಥೆ ಬೇರೆ ದಾರಿ ಹಿಡಿಯಿತು.

ಇಲ್ಲಿ ಲೋಫರ್ ಎಂದು ಮೊದಲು ಕರೆಸಿಕೊಂಡವರು ನಾವಲ್ಲ, ಬಿಳಿಯರು! ಇದನ್ನು ಮೊದಲ ಸಲ ಓದಿದಾಗ ನನಗೆ ನಂಬಲಾಗಲಿಲ್ಲ. ಬ್ರಿಟಿಷರ ಹಿಂದೂಸ್ತಾನದಲ್ಲಿ ಎಲ್ಲ ಬಿಳಿಯರೂ ದೊರೆಗಳಾಗಿರಲಿಲ್ಲ. 1857ರ ದಂಗೆಯ ನಂತರ ಕಂಪನಿಯ ಸೈನ್ಯ ರಾಣಿಯ ಕೈಗೆ ಹೋದಾಗ ಬಿಡುಗಡೆಯಾದ ಸಿಪಾಯಿಗಳು, ರೈಲು ದಾರಿ ಹಾಕಲು ಬಂದು ಕೆಲಸ ಮುಗಿದು ಉಳಿದವರು, ಹಡಗಿನಿಂದ ಇಳಿದು ಮತ್ತೆ ಹತ್ತದ ನಾವಿಕರು, ಆಸ್ಟ್ರೇಲಿಯಾದಿಂದ ಸೈನ್ಯಕ್ಕೆ ಬರುತ್ತಿದ್ದ ಕುದುರೆಗಳ ಜೊತೆ ಮದರಾಸಿಗೂ ಕಲ್ಕತ್ತಕ್ಕೂ ಬಂದಿಳಿದ ಸಾಯಿಸರು. ಇಂಥವರು ಕೆಲಸವಿಲ್ಲದೆ ಪೇಟೆಯಿಂದ ಪೇಟೆಗೆ, ರೈಲ್ವೆ ಸ್ಟೇಷನ್ನಿನಿಂದ ಸ್ಟೇಷನ್ನಿಗೆ ಅಲೆಯುತ್ತಿದ್ದರು. ಕಪ್ಪು ಜನರ ಮನೆಬಾಗಿಲಲ್ಲಿ ಬಿಳಿಯನೊಬ್ಬ ಕೈ ಚಾಚಿ ನಿಲ್ಲುವುದೆಂದರೆ ಆಳುವವರಿಗೆ ಮರ್ಯಾದೆಯ ಪ್ರಶ್ನೆ. ಬಿಳಿ ಚರ್ಮಕ್ಕೂ ಅಧಿಕಾರಕ್ಕೂ ಗಂಟು ಹಾಕಿಟ್ಟಿದ್ದವರು ಆ ಗಂಟು ಹೀಗೆ ಬೀದಿಯಲ್ಲಿ ಬಿಚ್ಚಿಕೊಳ್ಳುವುದನ್ನು ಹೇಗೆ ಸಹಿಸಿಯಾರು? 1869ರಲ್ಲಿ ಯುರೋಪಿಯನ್ ವೇಗ್ರನ್ಸಿ ಕಾಯಿದೆ ಎಂದೇ ಒಂದನ್ನು ಮಾಡಿದರು, 1874ರಲ್ಲಿ ಅದನ್ನು ತಿದ್ದಿ ಹೊಸದಾಗಿ ಜಾರಿಗೆ ತಂದರು. ಉದ್ಯೋಗವಿಲ್ಲದೆ ಅಲೆಯುವ ಯುರೋಪಿನ ಮೂಲದವನನ್ನು ಪೊಲೀಸರು ಹಿಡಿದು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು, ಸರ್ಕಾರದ ವರ್ಕ್‌ಹೌಸಿಗೆ ಸೇರಿಸಿ ಅನ್ನ ಹಾಕಬೇಕು, ಕೆಲಸ ಹುಡುಕಬೇಕು, ಸಿಗದಿದ್ದರೆ ಹಡಗು ಹತ್ತಿಸಿ ದೇಶದಿಂದಲೇ ಸಾಗಿಸಬೇಕು. ರುಡ್‌ಯಾರ್ಡ್ ಕಿಪ್ಲಿಂಗ್ 1888ರಲ್ಲಿ ಬರೆದ ‘ದಿ ಮ್ಯಾನ್ ಹು ವುಡ್ ಬಿ ಕಿಂಗ್’ ಕಥೆಯಲ್ಲಿ ಕಾಫಿರಿಸ್ತಾನಕ್ಕೆ ಹೋಗಿ ರಾಜರಾಗುತ್ತೇವೆಂದು ಹೊರಡುವ ಇಬ್ಬರು ಇಂಥ ಲೋಫರುಗಳೇ. ಕೆಲಸವಿಲ್ಲದ ಬಿಳಿಯನಿಗೆ ರಾಜನಾಗುವುದೊಂದೇ ಉಳಿದ ಉದ್ಯೋಗ ಎಂಬುದು ಕಿಪ್ಲಿಂಗನ ತಮಾಷೆ ಇರಬೇಕು.

ಅದೇ ಕಾಲಕ್ಕೆ ಕೆಲಸ ಬಿಟ್ಟ ಕಪ್ಪು ಮನುಷ್ಯನಿಗೆ ಯಾವ ಕಾಯಿದೆ ಇತ್ತೆಂದು ನೋಡಿ. 1859ರ 13ನೇ ಕಾಯಿದೆ. ಮುಂಗಡ ತೆಗೆದುಕೊಂಡ ಕೆಲಸಗಾರ ಕೆಲಸಕ್ಕೆ ಬರದಿದ್ದರೆ, ಅರ್ಧಕ್ಕೆ ಬಿಟ್ಟು ಹೋದರೆ, ಅದು ಬರಿಯ ಸಾಲದ ವ್ಯವಹಾರವಲ್ಲ, ಅಪರಾಧ. ಮ್ಯಾಜಿಸ್ಟ್ರೇಟರು ಹಣ ವಾಪಸ್ಸು ಕೊಡು ಇಲ್ಲವೇ ಕೆಲಸಕ್ಕೆ ಹೋಗು ಎಂದು ಆಜ್ಞೆ ಮಾಡಬಹುದಿತ್ತು, ಮೀರಿದವನನ್ನು ಮೂರು ತಿಂಗಳವರೆಗೆ ಜೈಲಿಗೆ ಕಳಿಸಬಹುದಿತ್ತು. ಮೊದಲಿಗೆ ಕಲ್ಕತ್ತ, ಮದರಾಸು, ಬೊಂಬಾಯಿ ಪಟ್ಟಣಗಳ ಕಸುಬುದಾರರಿಗೆಂದು ಮಾಡಿದ ಈ ಕಾಯಿದೆ ಆಮೇಲೆ ಟೀ ಕಾಫಿ ತೋಟಗಳ ಕೈಗೆ ಒಳ್ಳೆಯ ದೊಣ್ಣೆಯಾಗಿ ಸಿಕ್ಕಿತು. 1925ರಲ್ಲಿ ರದ್ದುಮಾಡುವವರೆಗೂ ಅದು ಇತ್ತು. ಕೆಲಸವಿಲ್ಲದವನು ಬಿಳಿಯನಾದರೆ ಅನ್ನ ಮತ್ತು ಹಡಗಿನ ಟಿಕೀಟು, ಕೆಲಸ ಬೇಡವೆಂದವನು ಕರಿಯನಾದರೆ ಜೈಲು. ಮೈಗಳ್ಳ ಎಂಬ ನಮ್ಮ ಪದವನ್ನೇ ಇಂಗ್ಲಿಷಿಗೆ ತಿರುಗಿಸಿ ಕಾಯಿದೆ ಮಾಡಿದ ಹಾಗೆ ಇತ್ತು.

ನಮ್ಮ ಕಡೆಗೆ ಕಾಫಿ ದೊರೆಗಳು ಬಂದದ್ದು ಇದಕ್ಕೆ ತುಸು ಮುಂಚೆ. ಈ ಸೀಮೆಯನ್ನು ಕಾಣದವರಿಗಾಗಿ ಹೇಳುತ್ತೇನೆ. ಸಕಲೇಶಪುರದಲ್ಲಿ ಹೇಮಾವತಿ ದಾಟಿ ಮಂಗಳೂರಿನ ದಿಕ್ಕಿಗೆ ಹೊರಟರೆ ಸ್ವಲ್ಪ ದೂರದಲ್ಲೇ ಆನೇಮಹಲ್. ಹೆಸರಿನಲ್ಲಿರುವ ಮಹಲು ನಾನು ಕಂಡದ್ದಿಲ್ಲ, ಆನೆಗಳನ್ನಂತೂ ಬೇಕಾದ್ದಕ್ಕಿಂತ ಹೆಚ್ಚು ಕಂಡಿದ್ದೇನೆ. ಮುಂದಕ್ಕೆ ದೋಣಿಗಾಲಿನ ಬಳಿ ಗುಡ್ಡದ ಮೇಲೆ ಟಿಪ್ಪು 1792ರಲ್ಲಿ ಕಟ್ಟಿಸಿದ ನಕ್ಷತ್ರದಾಕಾರದ ಮಂಜರಾಬಾದ್ ಕೋಟೆ, ಅದರಾಚೆ ಶಿರಾಡಿ ಘಾಟಿ. ಹಿಂದಕ್ಕೆ ಆಲೂರಿನವರೆಗೆ ಇಳಿಜಾರುಗಳಲ್ಲೆಲ್ಲ ಕಾಫಿ, ಏಲಕ್ಕಿ, ಮೆಣಸು, ತಗ್ಗುಗಳಲ್ಲಿ ಭತ್ತದ ಗದ್ದೆ. ಆಗ ಇದು ಮಂಜರಾಬಾದ್ ತಾಲೂಕು. 1843ರಲ್ಲಿ ಫ್ರೆಡರಿಕ್ ಗ್ರೀನ್ ಎಂಬಾತ ಇಲ್ಲಿ ತೋಟ ಮಾಡಿದ. 1856ರ ಹೊತ್ತಿಗೆ ರಾಬರ್ಟ್ ಎಲಿಯಟ್ ಬಂದ. ಎಲಿಯಟ್ ಬರೆಯುವ ಅಭ್ಯಾಸದವನು. 1871ರಲ್ಲಿ ಮೈಸೂರಿನ ಕಾಡಿನ ತೋಟಗಾರನ ಅನುಭವಗಳೆಂಬ ಪುಸ್ತಕ, 1894ರಲ್ಲಿ ಚಿನ್ನ, ಶಿಕಾರಿ, ಕಾಫಿ ಬೇಸಾಯ ಎಂದು ಮೂರನ್ನೂ ತಲೆಬರಹದಲ್ಲೇ ಇಟ್ಟುಕೊಂಡ ಇನ್ನೊಂದು ಪುಸ್ತಕ ಬರೆದ. ಶ್ರಮಜೀವಿ, ಅದರಲ್ಲಿ ಅನುಮಾನವಿಲ್ಲ. ಸ್ಕಾಟ್ಲೆಂಡಿನಲ್ಲೂ ಜಮೀನಿತ್ತು, ಅಲ್ಲಿಗೂ ಇಲ್ಲಿಗೂ ಓಡಾಡಿಕೊಂಡಿದ್ದ. ನಾನು ಗಮನಿಸಿದ್ದು ಇಷ್ಟೆ: ದೊರೆ ಕೋವಿ ಹಿಡಿದು ಕಾಡು ಸುತ್ತಿದರೆ ಅದಕ್ಕೆ ಶಿಕಾರಿ ಎಂದು ಹೆಸರು, ಪುಸ್ತಕದ ಮುಖಪುಟಕ್ಕೂ ಬರುತ್ತದೆ. ಆಳು ಒಂದು ದಿನ ಬಲೆ ಹಿಡಿದು ಹಳ್ಳಕ್ಕೆ ಮೀನಿಗೆ ಹೋದರೆ ಚೆಕ್‌ರೋಲಿನಲ್ಲಿ ಗೈರುಹಾಜರಿ.

ಚೆಕ್‌ರೋಲ್ ಎಂದೆನಲ್ಲ, ಈಗ ನನ್ನ ಲೆಕ್ಕಕ್ಕೆ ಬರುತ್ತೇನೆ.

1974ರಲ್ಲಿ ನಾನು ಬಿ.ಎ. ಫೇಲಾಗಿ ಊರಿಗೆ ಬಂದೆ. ಬೆಳಿಗ್ಗೆ ತಿಂಡಿ ತಿಂದು ಹೆದ್ದಾರಿಯ ಹೋಟೆಲಿಗೆ ಹೋಗಿ ಕೂತರೆ ಮಧ್ಯಾಹ್ನ ಊಟಕ್ಕೇ ಏಳುತ್ತಿದ್ದುದು. ಮಂಗಳೂರಿನ ಮೀನಿನ ಲಾರಿಗಳು ನೀರು ಸೋರಿಸುತ್ತಾ ಹೋಗುತ್ತಿದ್ದವು. ಹಾಸನ ಮಂಗಳೂರು ರೈಲು ದಾರಿಯ ಕೆಲಸ ಘಾಟಿಯಲ್ಲಿ ನಡೆದಿತ್ತು. ಮುಗಿದದ್ದು 1979ಕ್ಕೆ. ಅದರ ಗುತ್ತಿಗೆದಾರರ ಜೀಪುಗಳು ಬರುತ್ತಿದ್ದವು. ಇವನ್ನೆಲ್ಲ ನೋಡಲು ಯಾರಾದರೂ ಬೇಕಲ್ಲ, ನಾವು ನಾಲ್ಕು ಜನ ಇದ್ದೆವು. ಅಪ್ಪ ಉಂಡಾಡಿ ಎನ್ನುತ್ತಿದ್ದರು. ಅದು ಅಷ್ಟಾಗಿ ನಾಟುತ್ತಿರಲಿಲ್ಲ. ಒಂದು ದಿನ ಜೀಪು ನಿಲ್ಲಿಸಿ ಇಳಿದ ಒಬ್ಬ ಎಸ್ಟೇಟ್ ಮ್ಯಾನೇಜರು, ಅಪ್ಪನ ಪರಿಚಯದವರು, ನನ್ನನ್ನು ಮೇಲಿನಿಂದ ಕೆಳಗೆ ನೋಡಿ, “ಲೋಫರ್ ಆಗ್ಬೇಡ್ವೋ, ನಾಳೆಯಿಂದ ತೋಟಕ್ಕೆ ಬಾ” ಎಂದರು. ಬಿಳಿ ದೊರೆಯೊಬ್ಬರ ಕೈಕೆಳಗೆ ರೈಟರಾಗಿ ಶುರುಮಾಡಿ ಮ್ಯಾನೇಜರಾದವರು ಅವರು. ದೊರೆ ಹೋಗುವಾಗ ತನ್ನ ಪೈಪು, ನಾಯಿ ಮತ್ತು ಬೈಗುಳಗಳನ್ನು ಇವರಿಗೆ ಬಿಟ್ಟು ಹೋಗಿದ್ದರೆಂದು ಆಳುಗಳು ಹೇಳುತ್ತಿದ್ದರು. ಆ ತೋಟದ ಹೆಸರು ಇಲ್ಲಿ ಬೇಡ. ತಪ್ಪು ತೋಟದ್ದಲ್ಲ, ನನ್ನದು.

ಹೀಗೆ ನಾನು ರೈಟರಾದೆ. ಬೆಳಿಗ್ಗೆ ಕಣದಲ್ಲಿ ನಿಂತು ಹಾಜರಿ ಹಾಕುವುದು, ಯಾವ ಪಟ್ಟೆಗೆ ಎಷ್ಟು ಆಳು ಎಂದು ಮೇಸ್ತ್ರಿಗೆ ಹೇಳುವುದು, ಸಂಜೆ ಕೆಲಸ ನೋಡಿ ಪೂರ್ತಿ, ಮುಕ್ಕಾಲು, ಅರ್ಧ ಎಂದು ಬರೆಯುವುದು, ವಾರಕ್ಕೊಮ್ಮೆ ಬಟವಾಡೆ. ಮರಗಸಿ, ಗುಂಡಿ, ಕೊತ್ತು, ಕಳೆ, ಚಿಗುರು, ಕುಯ್ಲು, ಹೀಗೆ ವರ್ಷ ಸುತ್ತುತ್ತಿತ್ತು. ಜುಲೈ ಆಗಸ್ಟಿನಲ್ಲಿ ಮಳೆ ಹೊಡೆದಾಗ ಎಷ್ಟೋ ದಿನ ಕೆಲಸವೇ ಇರುತ್ತಿರಲಿಲ್ಲ. ಆಳುಗಳು ಲೈನ್ ಮನೆಯ ಒಲೆ ಮುಂದೆ ಕೂತಿರುತ್ತಿದ್ದರು. ಆ ಕೂತ ದಿನಗಳಿಗೆ ಕೂಲಿ ಇಲ್ಲ. “ಮಳೆಗಾಲ ಪೂರ್ತಿ ಬಿದ್ದುಕೊಂಡು ಸೋಮಾರಿಗಳಾಗ್ತಾರೆ” ಎಂದು ಮ್ಯಾನೇಜರು ಸೆಪ್ಟೆಂಬರಿನಲ್ಲಿ ಬೈಯುತ್ತಿದ್ದರು. ಅವರ ಅಂಗಳದಲ್ಲೂ ಅದೇ ಮಳೆ ಬೀಳುತ್ತಿತ್ತು.

ಆಳುಗಳಲ್ಲಿ ಒಬ್ಬನಿದ್ದ. ಬಯಲುಸೀಮೆಯ ಕಡೆಯಿಂದ ಮೇಸ್ತ್ರಿಯ ಮುಂಗಡ ತೆಗೆದುಕೊಂಡು ಹೆಂಡತಿ, ಎರಡು ಮಕ್ಕಳ ಜೊತೆ ಬಂದವನು. ವಯಸ್ಸು ಮೂವತ್ತೈದು ಇರಬಹುದು. ಕಳೆ ತೆಗೆಯುವಾಗ ಸಾಲಿನಲ್ಲಿ ಅವನೇ ಕೊನೆ. ಇಳಿಜಾರು ಹತ್ತುವಾಗ ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದ. ಮಧ್ಯಾಹ್ನ ಬುತ್ತಿ ಉಂಡು ಎಲ್ಲರೂ ಎದ್ದರೂ ಅವನು ಮರಕ್ಕೆ ಒರಗಿಯೇ ಇರುತ್ತಿದ್ದ. ಲೈನಿನ ಗೋಡೆಯ ಮಣ್ಣನ್ನು ಉಗುರಿನಲ್ಲಿ ಕೆರೆದು ಬಾಯಿಗೆ ಹಾಕಿಕೊಳ್ಳುವುದನ್ನು ಒಮ್ಮೆ ನೋಡಿ ನನಗೆ ಅಸಹ್ಯವಾಗಿತ್ತು. ನಾನು ಅವನ ಹೆಸರಿನ ಮುಂದೆ ಅರ್ಧ, ಅರ್ಧ, ಅರ್ಧ ಎಂದು ಬರೆಯುತ್ತಾ ಹೋದೆ. ಚೆಕ್‌ರೋಲಿಗೆ ಏರಿಸುವ ಮೊದಲು ನಾನೇ ಇಟ್ಟುಕೊಂಡಿದ್ದ ಜೇಬಿನ ಪುಸ್ತಕದಲ್ಲಿ ಪ್ರತಿ ಅರ್ಧದ ಪಕ್ಕ ಪೆನ್ಸಿಲಿನಲ್ಲಿ ‘ಲೋ’ ಎಂದು ಸಣ್ಣದಾಗಿ ಗುರುತು ಹಾಕುತ್ತಿದ್ದೆ. ಯಾರು ಹೇಳಿದ್ದೂ ಅಲ್ಲ, ನನ್ನದೇ ಜಾಣತನ. ಒಂದೂವರೆ ವರ್ಷದ ಹಿಂದೆ ಅದೇ ಅಕ್ಷರ ನನ್ನ ಹಣೆಗೆ ಬಿದ್ದಿತ್ತು. ಅದನ್ನು ಇನ್ನೊಬ್ಬನಿಗೆ ದಾಟಿಸಿದ ಮೇಲೆ ನನಗೆ ಹಗುರಾಗಿತ್ತೆಂದು ಈಗ ತೋರುತ್ತದೆ.

1975ರ ಡಿಸೆಂಬರ್. ತುರ್ತು ಪರಿಸ್ಥಿತಿಯ ಕಾಲ, ಮಾತು ಕಡಿಮೆ ಮಾಡಿ ಹೆಚ್ಚು ದುಡಿಯಿರಿ ಎಂಬರ್ಥದ ಘೋಷಣೆಗಳನ್ನು ಬಸ್ಸುಗಳ ಮೇಲೆಲ್ಲ ಬರೆಸಿದ್ದರು. ಅರೇಬಿಕಾ ಕುಯ್ಲು ಜೋರಾಗಿ ನಡೆದಿತ್ತು, ಹಣ್ಣು ಉದುರುತ್ತಿತ್ತು. ಅವನು ಚೀಲ ಸೊಂಟಕ್ಕೆ ಕಟ್ಟಿಕೊಂಡೇ ಗಿಡದ ಬುಡದಲ್ಲಿ ಕೂತುಬಿಟ್ಟಿದ್ದ. ನನ್ನ ಹಿಂದೆ ಮ್ಯಾನೇಜರು ಬರುತ್ತಿದ್ದರು. ಅವರಿಗೆ ಕೇಳಲಿ ಎಂದೇ ನಾನು ಗಟ್ಟಿಯಾಗಿ, “ಏಳೋ ಲೋಫರ್” ಎಂದು ಕೂಗಿದೆ. ಜೊತೆಗೆ ಇನ್ನೊಂದು ಮಾತೂ ಸೇರಿಸಿದೆ, ಅದನ್ನು ಇಲ್ಲಿ ಬರೆಯಲಾರೆ. ಅವನ ಹೆಂಡತಿ ಪಕ್ಕದ ಸಾಲಿನಲ್ಲೇ ಇದ್ದಳು. ಅವನು ಕೊಂಬೆ ಹಿಡಿದು ಎದ್ದ. ಸಿಟ್ಟು ಮಾಡಿಕೊಳ್ಳಲಿಲ್ಲ.

“ಹಂಗಂದ್ರೇನು ಸಾಮಿ?” ಎಂದು ಕೇಳಿದ.

“ಸೋಮಾರಿ ಅಂತ.”

“ಅಷ್ಟೇಯಾ? ನಾನು ಏನೋ ಕಾಯಿಲೆ ಹೆಸರು ಅಂದ್ಕಂಡೆ” ಎಂದ.

ಅಕ್ಕಪಕ್ಕದವರು ನಕ್ಕರು. ನಾನೂ ನಕ್ಕೆ. ಅವನು ಎರಡು ಗಿಡ ಮುಗಿಸಿ ಮೂರನೆಯದರ ಹತ್ತಿರ ಬಿದ್ದ.

ಜೀಪಿನಲ್ಲಿ ಹಾಕಿಕೊಂಡು ಪೇಟೆಗೆ ಹೋದದ್ದು ನಾನೇ. ಡಾಕ್ಟರು ಅವನ ಕೆಳರೆಪ್ಪೆ ಎಳೆದು ನೋಡಿ ನನ್ನನ್ನು ಹತ್ತಿರ ಕರೆದರು. ಒಳಗೆ ಕೆಂಪೇ ಇರಲಿಲ್ಲ, ಬೇಯಿಸಿದ ಮೊಟ್ಟೆಯ ಹಾಗೆ ಬೆಳ್ಳಗಿತ್ತು. ನಾಲಿಗೆ, ಉಗುರು ಎಲ್ಲ ಹಾಗೇ. ಮೈಯಲ್ಲಿರಬೇಕಾದ ರಕ್ತದಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚಿಲ್ಲ ಎಂದರು. ಮಲ ಪರೀಕ್ಷೆ ಮಾಡಿಸಿದರೆ ಕೊಕ್ಕೆಹುಳು. “ಇವನು ಇಷ್ಟು ದಿನ ಗುಡ್ಡ ಹತ್ತಿ ಅರ್ಧ ಆಳು ಕೆಲಸ ಮಾಡಿದ್ದೇ ಆಶ್ಚರ್ಯ. ನೀನಾಗಿದ್ರೆ ಹಾಸಿಗೆಯಿಂದ ಏಳ್ತಿರಲಿಲ್ಲ” ಎಂದರು ಡಾಕ್ಟರು. ನನ್ನ ಜೇಬಿನಲ್ಲಿ ಆ ಪುಸ್ತಕ ಇತ್ತು.

ಈ ಹುಳುವಿನ ಇತಿಹಾಸ ನನಗೆ ಆಮೇಲೆ, ಬಹಳ ವರ್ಷದ ಮೇಲೆ ಸಿಕ್ಕಿತು. ಕಾಫಿ ತೋಟದ ನೆಲ ಅದಕ್ಕೆ ಹೇಳಿ ಮಾಡಿಸಿದ್ದು. ಯಾವಾಗಲೂ ನೆರಳು, ತೇವ, ದರಗೆಲೆಯ ಹಾಸು. ಕಕ್ಕಸಿಲ್ಲದ ಜನ ಗಿಡದ ಮರೆಗೆ ಹೋಗುತ್ತಾರೆ. ಮಲದ ಜೊತೆ ಬಿದ್ದ ಮೊಟ್ಟೆ ಮಣ್ಣಿನಲ್ಲಿ ಮರಿಯಾಗುತ್ತದೆ. ಕಣ್ಣಿಗೆ ಕಾಣದ ಆ ಮರಿ ಬರಿಗಾಲಿನ ಚರ್ಮ ತೂರಿ ಒಳಗೆ ಹೋಗಿ, ರಕ್ತದಲ್ಲಿ ಶ್ವಾಸಕೋಶಕ್ಕೆ, ಅಲ್ಲಿಂದ ಗಂಟಲಿಗೆ ಹತ್ತಿ, ಎಂಜಲಿನ ಜೊತೆ ಕರುಳಿಗೆ ಇಳಿದು, ಗೋಡೆಗೆ ಕಚ್ಚಿಕೊಂಡು ವರ್ಷಗಟ್ಟಲೆ ರಕ್ತ ಹೀರುತ್ತದೆ. ನಮ್ಮ ಇಂಬಳವಾದರೂ ಹೊಟ್ಟೆ ತುಂಬಿದ ಮೇಲೆ ಬಿದ್ದು ಹೋಗುತ್ತದೆ, ಇದಕ್ಕೆ ಆ ಮರ್ಯಾದೆಯೂ ಇಲ್ಲ. ಕಬ್ಬಿಣದ ಅಂಶ ಕಡಿಮೆಯಾದ ದೇಹ ಎಷ್ಟೋ ಸಲ ಮಣ್ಣನ್ನು ಬೇಡುತ್ತದೆ. ಗೋಡೆ ಕೆರೆಯುತ್ತಿದ್ದ ಬೆರಳು ನನಗೆ ನೆನಪಾಯಿತು.

ಲೋಫರ್ ಶಬ್ದ ಹುಟ್ಟಿದ ಅಮೆರಿಕದಲ್ಲೇ ಈ ಹುಳುವಿಗೆ ಒಂದು ಅಡ್ಡಹೆಸರು ಬಿತ್ತು. ಅಲ್ಲಿನ ದಕ್ಷಿಣದ ರಾಜ್ಯಗಳ ಬಡ ಬಿಳಿಯರು ಸೋಮಾರಿಗಳೆಂದು, ಮಣ್ಣು ತಿನ್ನುವವರೆಂದು ನಗೆಪಾಟಲಾಗಿದ್ದರು. ಚಾರ್ಲ್ಸ್ ಸ್ಟೈಲ್ಸ್ ಎಂಬ ಪ್ರಾಣಿಶಾಸ್ತ್ರಜ್ಞ 1902ರಲ್ಲಿ ಆ ಜನರ ಕರುಳಿನಲ್ಲಿ ಕೊಕ್ಕೆಹುಳು ವ್ಯಾಪಕವಾಗಿರುವುದನ್ನು ತೋರಿಸಿಕೊಟ್ಟ. ಪತ್ರಿಕೆಗಳು ಸೋಮಾರಿತನದ ಕ್ರಿಮಿ ಸಿಕ್ಕಿತು ಎಂದು ತಮಾಷೆ ಮಾಡಿದವು. 1909ರಲ್ಲಿ ರಾಕ್‌ಫೆಲರ್ ಹತ್ತು ಲಕ್ಷ ಡಾಲರ್ ಕೊಟ್ಟು ಅದನ್ನು ತೊಲಗಿಸಲು ಒಂದು ಆಯೋಗವನ್ನೇ ಮಾಡಿದ. ಔಷಧಿ, ಕಕ್ಕಸು, ಕಾಲಿಗೆ ಷೂ, ಇವು ಮೂರೇ ಅವರ ಉಪಾಯ. ಎಷ್ಟೋ ಕಡೆ ಸೋಮಾರಿಗಳ ಮಕ್ಕಳು ಎದ್ದು ಶಾಲೆಗೆ ಹೋದರು. 1920ರ ದಶಕದ ಕೊನೆಗೆ ಅದೇ ರಾಕ್‌ಫೆಲರ್ ಸಂಸ್ಥೆಯ ವೈದ್ಯರು ನಮ್ಮ ಮೈಸೂರು ಸಂಸ್ಥಾನಕ್ಕೂ ಬಂದರು. ಮಂಡ್ಯದಲ್ಲಿ ಆರೋಗ್ಯ ಘಟಕ, ನಮ್ಮ ನೆರೆಯ ಮೂಡಿಗೆರೆಯಲ್ಲಿ ಮಲೇರಿಯಾ ಕೇಂದ್ರ ಮಾಡಿದರು. ಮಲೆನಾಡಿನವರು ಮಂಕು, ಜಡ ಎಂದು ಬಯಲಿನವರು ಆಡಿಕೊಳ್ಳುತ್ತಿದ್ದ ಕಾಲದಲ್ಲಿ ಗುಲ್ಮ ಊದಿಕೊಳ್ಳದ ಮನುಷ್ಯ ಇಲ್ಲಿ ಅಪರೂಪವಾಗಿದ್ದ ಎಂದು ನನ್ನ ಅಜ್ಜಿ ಹೇಳುತ್ತಿದ್ದಳು. ಸ್ವತಂತ್ರ ಬಂದ ಮೇಲೆ 1951ರಲ್ಲಿ ತೋಟ ಕಾರ್ಮಿಕರ ಕಾಯಿದೆ ಆಯಿತು. ಮನೆ, ನೀರು, ಕಕ್ಕಸು, ವೈದ್ಯ ಎಲ್ಲವನ್ನೂ ತೋಟದವರು ಕೊಡಬೇಕೆಂದು ಬರೆದಿತ್ತು. ನಾನಿದ್ದ ತೋಟದಲ್ಲಿ ಎರಡು ಕಕ್ಕಸು ಕಟ್ಟಿಸಿದ್ದರು. ಒಂದರಲ್ಲಿ ಗುದ್ದಲಿ ಇಡುತ್ತಿದ್ದರು, ಇನ್ನೊಂದರ ಬೀಗದ ಕೈ ನನ್ನ ಹತ್ತಿರ ಇರುತ್ತಿತ್ತು.

ಅವನು ಬದುಕಿದ. ಹುಳುವಿನ ಔಷಧಿ, ಕಬ್ಬಿಣದ ಮಾತ್ರೆ, ಮೂರು ತಿಂಗಳು. ಮುಂದಿನ ಮಳೆಗಾಲದ ಹೊತ್ತಿಗೆ ಕಳೆ ಸಾಲಿನಲ್ಲಿ ಮೇಸ್ತ್ರಿಯನ್ನೇ ಹಿಂದೆ ಹಾಕುತ್ತಿದ್ದ. ಒಂದು ದಿನ ನನ್ನನ್ನು ನೋಡಿ, “ಸಾಮಿ, ಲೋಫರ್ ವಾಸಿಯಾಯ್ತು” ಎಂದ. ಅವನು ವ್ಯಂಗ್ಯವಾಡಿದನೋ ನಿಜವಾಗಿಯೂ ಅದನ್ನು ಕಾಯಿಲೆಯ ಹೆಸರೆಂದೇ ತಿಳಿದುಕೊಂಡಿದ್ದನೋ, ನಾನು ಕೇಳಲಿಲ್ಲ. 1976ರಲ್ಲಿ ಜೀತಪದ್ಧತಿ ರದ್ದತಿ ಕಾಯಿದೆ ಬಂತು. ಮುಂಗಡದ ಮೇಲೆ ಆಳುಗಳನ್ನು ಕಟ್ಟಿಹಾಕುವುದು ತಪ್ಪು ಎಂದು ಪೇಟೆಯಲ್ಲಿ ಯಾರೋ ಭಾಷಣ ಮಾಡಿದರು. ಆ ವರ್ಷದ ಕೊನೆಗೆ ಅವನು ಮೇಸ್ತ್ರಿಯ ಬಾಕಿ ತೀರಿಸದೆ ಸಂಸಾರ ಸಮೇತ ರಾತ್ರೋರಾತ್ರಿ ಹೊರಟುಹೋದ. ಮೇಸ್ತ್ರಿ ಅವನನ್ನು ಏನೆಂದು ಬೈದಿರಬಹುದೆಂದು ಓದುಗರು ಊಹಿಸಬಹುದು. ನಾನು ಆ ರಾತ್ರಿ ಜೇಬಿನ ಪುಸ್ತಕ ತೆಗೆದು ಅರ್ಧಗಳನ್ನು ಕೂಡಿಸಿದೆ. 118 ಇದ್ದವು. ಅಂದರೆ 59 ದಿನದ ಕೂಲಿ. ಅವನ ಬಾಕಿಗಿಂತ ಅದು ಹೆಚ್ಚು. ಆ ಲೆಕ್ಕವನ್ನು ನಾನು ಮೇಸ್ತ್ರಿಗೂ ತೋರಿಸಲಿಲ್ಲ, ಮ್ಯಾನೇಜರಿಗೂ ತೋರಿಸಲಿಲ್ಲ.

ಈಗ ನನ್ನದೇ ಆರು ಎಕರೆ ತೋಟ ಇದೆ. ಸಕಲೇಶಪುರದ ಬೆಳೆಗಾರರ ಜೊತೆ ನಾನೂ ಕೂರುತ್ತೇನೆ. 2013ರಲ್ಲಿ ಅನ್ನಭಾಗ್ಯ ಬಂದಾಗ ನಮ್ಮ ಕೂಟದಲ್ಲಿ ಎದ್ದ ಮಾತು ನಿಮಗೂ ಗೊತ್ತಿರಬಹುದು. ಅಕ್ಕಿ ಕೊಟ್ಟು ಕೊಟ್ಟು ಜನರನ್ನು ಸೋಮಾರಿಗಳನ್ನಾಗಿ ಮಾಡಿದರು, ಆಳುಗಳೇ ಸಿಕ್ಕುವುದಿಲ್ಲ ಎಂದು. ಆಳು ಸಿಕ್ಕದ ಕಷ್ಟ ಸುಳ್ಳಲ್ಲ, ನನಗೂ ಇದೆ. ಕಾಳುಮೆಣಸು ಬಳ್ಳಿಯಲ್ಲೇ ಉದುರಿದ್ದನ್ನು ನೋಡಿದ್ದೇನೆ. ಆದರೆ ಸಿಕ್ಕದವರು ಎಲ್ಲಿಗೆ ಹೋದರು? ನಮ್ಮ ಲೈನಿನ ಹುಡುಗರು ಬೆಂಗಳೂರಿನಲ್ಲಿ ಗಾರೆ ಕೆಲಸಕ್ಕೆ, ಹಾಸನದ ಗಾರ್ಮೆಂಟ್ಸಿಗೆ ಹೋಗಿದ್ದಾರೆ. ಹೆದ್ದಾರಿ ಬದಿಯಲ್ಲಿ ಹೋಂಸ್ಟೇಗಳ ಪಾತ್ರೆ ತೊಳೆಯುತ್ತಿದ್ದಾರೆ. ಅವರ ಜಾಗಕ್ಕೆ ಅಸ್ಸಾಮಿನಿಂದ, ಜಾರ್ಖಂಡಿನಿಂದ ಎರಡು ಮೂರು ದಿನ ರೈಲಿನಲ್ಲಿ ಕೂತು ಬಂದವರು ಹಣ್ಣು ಕುಯ್ಯುತ್ತಾರೆ. ಮೊನ್ನೆ ಒಬ್ಬ ಬೆಳೆಗಾರ ಮಿತ್ರ ಅವರಲ್ಲೊಬ್ಬನನ್ನು ತೋರಿಸಿ, “ಇವನೂ ಇಲ್ಲಿಗೆ ಬಂದು ಲೋಫರ್ ಆಗ್ಬಿಟ್ಟ ಕಣ್ರೀ” ಎಂದರು. ಆ ಹುಡುಗನಿಗೆ ಕನ್ನಡ ಬರುವುದಿಲ್ಲ, ಆದರೆ ಆ ಒಂದು ಪದ ಅರ್ಥವಾಯಿತು. ತಲೆ ತಗ್ಗಿಸಿಕೊಂಡ. ಭಾರತದ ಯಾವ ಮೂಲೆಯವನಿಗಾದರೂ ಅರ್ಥವಾಗುವ ಮಾತು ಅದು. “ಕಣ್ಣಿನ ರೆಪ್ಪೆ ಎಳೆದು ನೋಡಿದ್ರಾ?” ಎಂದೆ. ಮಿತ್ರರು ನನಗೆ ವಯಸ್ಸಾಯಿತೆಂದು ತಿಳಿದು ಸುಮ್ಮನಾದರು.

ಮೊಮ್ಮಗನ ಷೂ ಕೊರಿಯರಿನಲ್ಲಿ ಬಂತು. ಕಂದು ಬಣ್ಣದ್ದು, ಒಳ್ಳೆಯ ಚರ್ಮ. ಹಾಕಿಕೊಂಡು ಜಗಲಿಯ ಮೇಲೆ ಎರಡು ಸುತ್ತು ನಡೆದು ತೋರಿಸಿ, ಬಿಚ್ಚಿ ಪೆಟ್ಟಿಗೆಯಲ್ಲಿಟ್ಟ. ಮಾರನೆಯ ದಿನ ಮಳೆ ಹಿಡಿಯಿತು. ಹುಡುಗ ಬರಿಗಾಲಿನಲ್ಲಿ ತೋಟಕ್ಕೆ ಓಡುತ್ತಿದ್ದುದು ಕಂಡು ನಾನು ಜಗಲಿಯಿಂದಲೇ ಕೂಗಿದೆ.

“ಏಯ್, ಲೋಫರ್ ಹಾಕ್ಕೊಂಡು ಹೋಗೋ!”

ಕೊಟ್ಟಿಗೆಯ ಹತ್ತಿರ ಸೊಪ್ಪು ಇಳಿಸುತ್ತಿದ್ದ ಆಳು ತನಗೇ ಅಂದದ್ದೆಂದು ಬೆಚ್ಚಿ ತಿರುಗಿ ನೋಡಿದ. ಮೊಮ್ಮಗ ಓಡುತ್ತಲೇ, “ಕೆಸರಲ್ಲಿ ಹಾಳಾಗುತ್ತೆ ತಾತ” ಎಂದು ಕಾಫಿ ಗಿಡಗಳ ನಡುವೆ ಮರೆಯಾದ.